ಅಪ್ಪ, ಮಗ, ನಾನು: ಆಗಸ್ಟ್‌ನಲ್ಲಿ ಬೇಸ್‌ಬಾಲ್ ಸ್ಟೇಡಿಯಂ ರೋಡ್ ಟ್ರಿಪ್, ಯಾವ ಆರ್ಡರ್‌ನಲ್ಲಿ ಹೋದ್ರೆ ಒಳ್ಳೇದು?

ಹಾಸನ_ಟು_ಎಡಿಸನ್:

ಎಲ್ರಿಗೂ ನಮಸ್ಕಾರ. ನಾವಿರೋದು ನ್ಯೂಜೆರ್ಸಿ ಎಡಿಸನ್‌ನಲ್ಲಿ. ಊರಿಂದ ಅಪ್ಪ ಬಂದಿದಾರೆ, ಸೆಪ್ಟೆಂಬರ್ ತನಕ ಇರ್ತಾರೆ, ಅಮ್ಮ ತೀರಿಕೊಂಡ ಮೇಲೆ ಇಷ್ಟು ದಿನ ನಮ್ಮ ಜೊತೆ ಇರೋದು ಇದೇ ಮೊದಲು. ಮಗನಿಗೆ 12 ವರ್ಷ, ಲಿಟಲ್ ಲೀಗ್ (ಮಕ್ಕಳ ಬೇಸ್‌ಬಾಲ್) ಟೀಮಲ್ಲಿ ಸೆಕೆಂಡ್ ಬೇಸ್ ಫೀಲ್ಡರ್, ಎದ್ದಾಗಿಂದ ಮಲಗೋ ತನಕ ಬೇಸ್‌ಬಾಲ್ ಬಿಟ್ರೆ ಬೇರೆ ಮಾತಿಲ್ಲ. ಅಪ್ಪನಿಗೆ ಕ್ರಿಕೆಟ್ ಅಂದ್ರೆ ಜೀವ. ಕಾಲೇಜಲ್ಲಿ ಲೆಫ್ಟ್ ಆರ್ಮ್ ಸ್ಪಿನ್ ಹಾಕ್ತಿದ್ರು, ಆಮೇಲೆ ಇಪ್ಪತ್ತು ವರ್ಷ ಭಾನುವಾರದ ಮ್ಯಾಚ್‌ಗಳಿಗೆಲ್ಲ ಇವರೇ ಸ್ಕೋರರ್. ಆ ಹಳೇ ಸ್ಕೋರ್ ಬುಕ್‌ಗಳು ಈಗ್ಲೂ ಹಾಸನದ ಮನೆ ಅಟ್ಟದ ಮೇಲೆ ಟ್ರಂಕಲ್ಲಿವೆ.

ಅಜ್ಜ ಮೊಮ್ಮಗ ಇಬ್ರೂ ಒಂದೇ ಸೋಫಾ ಮೇಲೆ ಕೂತಿರ್ತಾರೆ, ಇವನು ಇಂಗ್ಲಿಷ್‌ನಲ್ಲಿ ಅವನ ಆಟ ಹೇಳ್ತಾನೆ, ಅವರು ಕನ್ನಡದಲ್ಲಿ ಅವರ ಆಟ ಹೇಳ್ತಾರೆ, ಎರಡೂ ಸೇರೋದೇ ಇಲ್ಲ. ಅದಕ್ಕೇ ಸ್ಕೂಲ್ ಶುರುವಾಗೋ ಮುಂಚೆ ಆಗಸ್ಟ್‌ನಲ್ಲಿ 9 ದಿನ ರಜ ಹಾಕಿ ಮೂರೂ ಜನ ಕಾರಲ್ಲಿ ಹೊರಡೋಣ ಅಂತಿದೀನಿ. ಸದ್ಯದ ಲಿಸ್ಟ್: ಬಾಸ್ಟನ್ ಫೆನ್‌ವೇ, ನ್ಯೂಯಾರ್ಕ್‌ದು ಎರಡೂ (ಯಾಂಕೀ ಸ್ಟೇಡಿಯಂ, ಸಿಟಿ ಫೀಲ್ಡ್), ಫಿಲಡೆಲ್ಫಿಯಾ, ಬಾಲ್ಟಿಮೋರ್, ವಾಷಿಂಗ್ಟನ್, ಪಿಟ್ಸ್‌ಬರ್ಗ್. ಒಟ್ಟು 7.

ಕೇಳ್ಬೇಕಾಗಿರೋದು ಏನಂದ್ರೆ, ಯಾವ ಆರ್ಡರಲ್ಲಿ ಹೋಗ್ಬೇಕು, ಅಪ್ಪನಿಗೆ 71, ಮಂಡಿ ನೋವಿದೆ, ಬಿಸಿಲಲ್ಲಿ ಅಷ್ಟೊತ್ತು ಕೂರೋಕಾಗುತ್ತಾ, ಮೊಟ್ಟೆ ಕೂಡ ತಿನ್ನಲ್ಲ ಊಟಕ್ಕೇನು ಮಾಡೋದು, ಮತ್ತೆ ಎಲ್ಲಕ್ಕಿಂತ ದೊಡ್ಡ ಚಿಂತೆ, ಈ ಆಟ ಅವರಿಗೆ ಹಿಡಿಸುತ್ತಾ ಅನ್ನೋದು. ಹೋಗಿ ಬಂದವರು ದಯವಿಟ್ಟು ಹೇಳಿ.

ಬಾಸ್ಟನ್_ಶಿರಸಿ:

ಒಳ್ಳೇ ಯೋಚನೆ, ಖಂಡಿತ ಹೋಗಿ. ಆದ್ರೆ ಮ್ಯಾಪ್ ಮುಚ್ಚಿಟ್ಟು ಮೊದ್ಲು ಶೆಡ್ಯೂಲ್ ತೆಗೀರಿ. ಒಂದೊಂದು ಟೀಮಿಗೆ ಸೀಸನ್‌ಗೆ 162 ಮ್ಯಾಚ್, ಅದ್ರಲ್ಲಿ 81 ಮಾತ್ರ ಅವರ ಊರಲ್ಲಿ. ಸುಮಾರು ಒಂದು ವಾರ ಊರಲ್ಲಿರ್ತಾರೆ, ಆಮೇಲೆ ಒಂದು ವಾರ ಹೊರಗಡೆ, ಹೀಗೆ ಸುತ್ತುತಾ ಇರ್ತಾರೆ. ಟೀಮ್ ಹೊರಗಡೆ ಹೋಗಿದ್ರೆ ಆ ಊರಲ್ಲಿ ನಿಮಗೆ ಕಾಣ್ಸೋದು ಬೀಗ ಹಾಕಿದ ಗೇಟು. ಸೋಮವಾರ, ಗುರುವಾರ ಎಷ್ಟೋ ಟೀಮಿಗೆ ರಜ ಬೇರೆ ಇರುತ್ತೆ. ನಾವು ಎರಡು ವರ್ಷದ ಹಿಂದೆ ಹೋದಾಗ ಮನೆಯವಳು ಒಂದು ದೊಡ್ಡ ಕಾಗದದ ಮೇಲೆ ಆಗಸ್ಟ್ ತಿಂಗಳ ಚೌಕ ಬರೆದು ಒಂದೊಂದು ಊರಿಗೆ ಒಂದೊಂದು ಬಣ್ಣದ ಸ್ಕೆಚ್ ಪೆನ್ನಲ್ಲಿ ಗುರ್ತು ಹಾಕಿದ್ಲು, ಅದನ್ನ ಫ್ರಿಜ್ ಮೇಲೆ ಅಂಟಿಸಿದ ಮೇಲೇ ದಾರಿ ಯಾವುದು ಅಂತ ನಮಗೆ ಹೊಳೆದಿದ್ದು.

ಎರಡನೇದು, 9 ದಿನಕ್ಕೆ 7 ಬೇಡ. ನ್ಯೂಯಾರ್ಕ್ ಎರಡನ್ನೂ ಲಿಸ್ಟಿಂದ ತೆಗೆದುಬಿಡಿ, ಅವು ನಿಮ್ಮ ಮನೆ ಅಂಗಳದಲ್ಲಿದ್ದ ಹಾಗೆ, ಯಾವ ಶನಿವಾರ ಬೇಕಾದ್ರೂ ರೈಲಲ್ಲಿ ಹೋಗಿ ರಾತ್ರಿ ಮನೇಲಿ ಮಲಗಬಹುದು. ಫಿಲಡೆಲ್ಫಿಯಾನೂ ಅಷ್ಟೇ. ಅದನ್ನ ಟ್ರಯಲ್ ಥರ ಮೊದ್ಲೇ ಒಂದಿನ ಮಾಡಿ ನೋಡಿ, ಅಪ್ಪನಿಗೆ ಎಷ್ಟು ಆಗುತ್ತೆ ಅಂತ ಗೊತ್ತಾಗುತ್ತೆ. ವಾಷಿಂಗ್ಟನ್, ಬಾಲ್ಟಿಮೋರ್ ಮಧ್ಯೆ 40 ಮೈಲಿ ಅಷ್ಟೇ, ಎರಡರಲ್ಲಿ ಒಂದು ಸಾಕು, ನಾನಾದ್ರೆ ಬಾಲ್ಟಿಮೋರ್ ಆರಿಸ್ತೀನಿ. ಉಳಿದಿದ್ದು ಬಾಸ್ಟನ್ ಒಂದು ದಿಕ್ಕು, ಪಿಟ್ಸ್‌ಬರ್ಗ್ ಇನ್ನೊಂದು ದಿಕ್ಕು. ಒಂದೇ ಸುತ್ತಲ್ಲಿ ಎರಡನ್ನೂ ಹೊಲಿಯೋಕೆ ಹೋದ್ರೆ ಒಂದಿಡೀ ದಿನ ಕಾರಲ್ಲೇ ಕಳೀಬೇಕು. ಎರಡು ಸಣ್ಣ ಸುತ್ತು ಮಾಡಿ. ಎಡಿಸನ್–ಪಿಟ್ಸ್‌ಬರ್ಗ್ ಸುಮಾರು 350 ಮೈಲಿ, ಅಲ್ಲಿಂದ ಬಾಲ್ಟಿಮೋರ್ 250, ಆಮೇಲೆ ಐ-95 ಹೈವೇ ಹಿಡಿದು ಮನೆ. ಎರಡು ದಿನ ಮನೇಲಿ ರೆಸ್ಟು, ಆಮೇಲೆ ಬಾಸ್ಟನ್, ಬರ್ತಾ ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಮ್ಯೂಸಿಯಂ.

ಫೆನ್‌ವೇ ಬಗ್ಗೆ. 1912 ಏಪ್ರಿಲ್ 20ಕ್ಕೆ ಶುರುವಾದ ಸ್ಟೇಡಿಯಂ, ಟೈಟಾನಿಕ್ ಮುಳುಗಿ ಐದು ದಿನಕ್ಕೆ. ಒಳಗೆ ಗ್ರ್ಯಾಂಡ್‌ಸ್ಟ್ಯಾಂಡ್‌ನಲ್ಲಿ ಇನ್ನೂ ಮರದ ಸೀಟು, ಇಕ್ಕಟ್ಟು, ಮಧ್ಯೆ ಮಧ್ಯೆ ಕಬ್ಬಿಣದ ಕಂಬ. ಟಿಕೆಟ್ ತಗೊಳ್ಳುವಾಗ "ಅಬ್‌ಸ್ಟ್ರಕ್ಟೆಡ್ ವ್ಯೂ" ಅಂತಿದ್ರೆ ತಗೋಬೇಡಿ, ಕಂಬದ ಹಿಂದೆ ಕೂತು ಪಿಚರ್‌ನ (ಬಾಲ್ ಎಸೆಯೋನು) ಕಾಣ್ದೆ ಒದ್ದಾಡ್ತೀರಿ. ಎಡಗಡೆ 37 ಅಡಿ ಎತ್ತರದ ಹಸಿರು ಗೋಡೆ, ಅದಕ್ಕೆ ಗ್ರೀನ್ ಮಾನ್‌ಸ್ಟರ್ ಅಂತಾರೆ. ಆ ಗೋಡೆ ಬುಡದಲ್ಲಿರೋ ಸ್ಕೋರ್ ಬೋರ್ಡನ್ನ ಇವತ್ತಿಗೂ ಮನುಷ್ಯರೇ ಕೈಯಲ್ಲಿ ಬದಲಾಯಿಸ್ತಾರೆ, ಅಂಕಿ ಬರೆದ ಹಲಗೆ ತೆಗೆದು ಇನ್ನೊಂದು ಹಾಕ್ತಾರೆ. ನಮ್ಮೂರಿನ ಮೈದಾನಗಳಲ್ಲಿ ತಗಡಿನ ನಂಬರ್ ಮೊಳೆಗೆ ನೇತಾಕ್ತಿದ್ರಲ್ಲ, ನಿಮ್ಮಪ್ಪ ಅದನ್ನ ನೋಡಿದ ತಕ್ಷಣ ಗುರ್ತು ಹಿಡೀತಾರೆ ನೋಡಿ. ಕಾರನ್ನ ಊರೊಳಗೆ ತರ್ಲೇಬೇಡಿ, ರಿವರ್‌ಸೈಡ್ ಸ್ಟೇಷನ್‌ನಲ್ಲಿ ಪಾರ್ಕ್ ಮಾಡಿ ಗ್ರೀನ್ ಲೈನ್ ಟ್ರೇನ್ ಹತ್ತಿ.

ಹುಬ್ಬಳ್ಳಿ_ಪಿಟ್ಸ್‌ಬರ್ಗ್:

ನಮಸ್ಕಾರ್ರಿ. ನಾ ಪಿಟ್ಸ್‌ಬರ್ಗ್‌ಗೆ ಬಂದು 14 ವರ್ಷ ಆತು. ಬೇಕಾದ್ರ ಉಳಿದಾವು ಎಲ್ಲಾ ಬಿಡ್ರಿ, ನಮ್ಮೂರ ಸ್ಟೇಡಿಯಂ ಪಿಎನ್‌ಸಿ ಪಾರ್ಕ್ ಮಾತ್ರ ಬಿಡಬ್ಯಾಡ್ರಿ. 2001ರಾಗ ಕಟ್ಟಿದ್ದು, ಅಲೆಗೇನಿ ನದಿ ದಂಡಿ ಮ್ಯಾಲೆ ಐತಿ. ಮ್ಯಾಚ್ ಇದ್ದ ದಿನ ಹಳದಿ ಬಣ್ಣದ ಕ್ಲೆಮೆಂಟಿ ಬ್ರಿಜ್ ಮ್ಯಾಲೆ ಗಾಡಿ ಬಂದ್ ಮಾಡ್ತಾರ, ಬರೇ ಮಂದಿ ಅಷ್ಟ ನಡಕೋತ ಹೋಗೂದು. ಡೌನ್‌ಟೌನ್‌ನಾಗ ಗಾಡಿ ಹಚ್ಚಿ ಸಂಜಿ ಹೊತ್ತು ಸಾವಕಾಶ ನಡಕೋತ ಹೋಗ್ರಿ. ಅಪ್ಪಾರಿಗೆ ಮೊಣಕಾಲು ನೋವು ಇದ್ರ ಡೌನ್‌ಟೌನ್‌ನಿಂದ ನಾರ್ತ್ ಸೈಡ್ ಸ್ಟೇಷನ್‌ಗೆ ಟ್ರೇನ್ ಐತ್ರಿ, ಅಷ್ಟು ದೂರಕ್ಕ ಟಿಕೆಟ್ ಇಲ್ಲ, ಫ್ರೀ.

ಸೀಟ್ ಥರ್ಡ್ ಬೇಸ್ ಕಡೆ (ಬ್ಯಾಟ್ ಮಾಡಾಂವನ ಹಿಂದ ನಿಂತು ನೋಡಿದ್ರ ಎಡಗಡೆ) ತಗೋರಿ. ಅಲ್ಲಿಂದ ನದಿ, ಬ್ರಿಜ್, ಊರಿನ ಎತ್ತರ ಬಿಲ್ಡಿಂಗ್ ಎಲ್ಲಾ ಎದುರಿಗೇ ಕಾಣ್ತಾವ. ಸೂರ್ಯ ಇಳಿಯೂ ಹೊತ್ತಿಗೆ ಬಿಲ್ಡಿಂಗ್ ಗಾಜಿನ ಮ್ಯಾಲೆ ಬಂಗಾರದ ಬಣ್ಣ ಬೀಳತೈತಿ, ಅವಾಗ ಒಂದೆರಡು ಮಿನಿಟ್ ಆಟ ನೋಡೂದು ಮರತ ಬಿಡ್ತೀರಿ. ರೈಟ್ ಫೀಲ್ಡ್ ಗ್ವಾಡಿ 21 ಅಡಿ ಎತ್ತರ ಐತಿ, ಅದು ಇಲ್ಲಿ ಟೀಮ್ ಪೈರೇಟ್ಸ್‌ನ ಹಳೇ ಆಟಗಾರ ರಾಬರ್ಟೊ ಕ್ಲೆಮೆಂಟಿ ಜೆರ್ಸಿ ನಂಬರ್. ಪೋರ್ಟೊ ರಿಕೊದಾಂವ, ಬರೋಬ್ಬರಿ 3000 ಹಿಟ್ ಹೊಡದಾಂವ. ನಿಕರಾಗುವಾದಾಗ ಭೂಕಂಪ ಆದಾಗ ಅಲ್ಲಿ ಮಂದಿಗೆ ಸಾಮಾನು ತಗೊಂಡು ತಾನ ವಿಮಾನ ಹತ್ತಿದ, 1972 ಡಿಸೆಂಬರ್ 31ಕ್ಕ ಆ ವಿಮಾನ ಸಮುದ್ರಕ್ಕ ಬಿತ್ತು. ಮಗಗ ಈ ಕಥಿ ಬ್ರಿಜ್ ಮ್ಯಾಲೆ ನಿಂತು ಹೇಳ್ರಿ. ಇನ್ನೊಂದು, 2008ರಾಗ ರಿಂಕು ಸಿಂಗ್, ದಿನೇಶ್ ಪಟೇಲ್ ಅಂತ ನಮ್ಮ ಉತ್ತರ ಪ್ರದೇಶದ ಇಬ್ರು ಹುಡುಗ್ರನ್ನ ತಗೊಂಡಿದ್ದು ಇದ ಪಿಟ್ಸ್‌ಬರ್ಗ್ ಪೈರೇಟ್ಸ್. ಇಬ್ರೂ ಭಾಲಾ ಒಗೀತಿದ್ರು, ಬೇಸ್‌ಬಾಲ್ ಮುಟ್ಟಿದಾವ್ರ ಅಲ್ಲ.

ಊಟದ ಚಿಂತಿ ಬಿಡ್ರಿ. ಪೆನ್ ಹಿಲ್ಸ್ ಗುಡ್ಡದ ಮ್ಯಾಲೆ ವೆಂಕಟೇಶ್ವರ ಗುಡಿ ಐತಿ, 1976ರಿಂದ. ಮುಂಜಾನೆ ದರ್ಶನ ಮಾಡಿ, ಕೆಳಗ ಪುಳಿಯೋಗರೆ ಮೊಸರನ್ನ ತಗೊಂಡು, ರೂಮ್‌ಗೆ ಹೋಗಿ ಒಂದು ನಿದ್ದಿ ಮಾಡಿ, ಸಂಜಿ ಮ್ಯಾಚಿಗೆ ಬರ್ರಿ. ಅಪ್ಪಾರಿಗೆ ಆ ದಿನ ಭಾಳ ಸೇರತೈತಿ.

ಎರಡು_ಮಕ್ಕಳ_ತಾಯಿ:

ನಾವು ಹೋದ ವರ್ಷ ಅತ್ತೆ ಮಾವನ್ನ ಕರ್ಕೊಂಡು ಹೋಗಿದ್ವಿ, ಅನುಭವದಿಂದ ಹೇಳ್ತೀನಿ. ಬ್ಯಾಗ್ ರೂಲ್ಸ್ ಪ್ರತಿ ಸ್ಟೇಡಿಯಂಗೂ ಬೇರೆ ಬೇರೆ, ಹೊರಡೋ ಹಿಂದಿನ ರಾತ್ರಿ ಅವರ ವೆಬ್‌ಸೈಟ್ ನೋಡ್ಲೇಬೇಕು. ಒಂದು ಕಡೆ (ಹೆಸರು ಬೇಡ) ನಮ್ಮ ಬ್ಯಾಕ್‌ಪ್ಯಾಕ್ ಒಳಗೆ ಬಿಡಲಿಲ್ಲ, ಅದ್ರಲ್ಲೇ ಮಾವನ ಬಿಪಿ ಮಾತ್ರೆ, ನೀರು, ಟೋಪಿ ಎಲ್ಲಾ ಇತ್ತು, ಯಜಮಾನ್ರು ಮತ್ತೆ ಕಾರಿನ ತನಕ ಓಡಿ ವಾಪಸ್ ಬರೋಷ್ಟರಲ್ಲಿ ಎರಡು ಇನಿಂಗ್ಸ್ (ಒಂದು ಮ್ಯಾಚ್‌ಗೆ ಒಂಬತ್ತು) ಮುಗಿದಿತ್ತು, ಮಾವ ಗೇಟ್ ಹತ್ರ ಬಿಸಿಲಲ್ಲೇ ನಿಂತಿದ್ರು, ನನಗೆ ಅದು ಈಗ್ಲೂ ಮನಸ್ಸಿಗೆ ಚುಚ್ಚುತ್ತೆ. ಅದಕ್ಕೇ ಈಗ ಮಾತ್ರೆ ಜೇಬಲ್ಲೇ ಇಟ್ಕೊಳ್ಳೋದು, ಉಳಿದಿದ್ದಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಬ್ಯಾಗು.

ಫಿಲಡೆಲ್ಫಿಯಾ, ಬಾಲ್ಟಿಮೋರ್ ಎರಡರಲ್ಲೂ ಮನೆಯಿಂದ ಊಟ ತಗೊಂಡು ಹೋಗಬಹುದು. ನಾನು ಚಪಾತಿ ರೋಲ್, ಚಿತ್ರಾನ್ನ, ಸೌತೆಕಾಯಿ ಹೆಚ್ಚಿ ತಗೊಂಡು ಹೋಗಿದ್ದೆ. ಹಸಿರು ಹುಲ್ಲು ಎದುರಿಗೆ, ತೊಡೆ ಮೇಲೆ ಚಿತ್ರಾನ್ನದ ಡಬ್ಬಿ, ಅತ್ತೆ ಪಕ್ಕದ ಸೀಟಿನ ಅಮೆರಿಕನ್ ಅಜ್ಜಿಗೂ ಒಂದು ಚಮಚ ಕೊಟ್ರು, ಆಯಮ್ಮ ಕಡ್ಲೆಬೀಜ ಕೊಟ್ರು.

ನೆರಳು: ಸಾಮಾನ್ಯವಾಗಿ ಥರ್ಡ್ ಬೇಸ್ ಕಡೆ, ಹೋಂ ಪ್ಲೇಟ್ (ಬ್ಯಾಟ್ ಮಾಡೋ ಜಾಗ) ಹಿಂದೆ ನೆರಳು ಬೇಗ ಬರುತ್ತೆ, ಔಟ್‌ಫೀಲ್ಡ್ ಸೀಟು ಅಗ್ಗ ಅಂತ ತಗೊಂಡ್ರೆ ಆಗಸ್ಟ್‌ನಲ್ಲಿ ಸುಡುತ್ತೆ. ಸಾಧ್ಯ ಇದ್ದಷ್ಟು ಸಂಜೆ ಮ್ಯಾಚ್ ನೋಡಿ. ಮೆಟ್ಲು ಕಮ್ಮಿ ಇರೋ ಸಾಲು ಬೇಕು ಅಂದ್ರೆ ಟಿಕೆಟ್ ಆಫೀಸಿಗೆ ಫೋನ್ ಮಾಡಿ ಕೇಳಿ, ಕೊಡ್ತಾರೆ. ಟೈಮ್ ಬಗ್ಗೆ ಭಯ ಬೇಡ, 2023ರಿಂದ ಪಿಚ್ ಕ್ಲಾಕ್ (ಪಿಚರ್ ಇಷ್ಟು ಸೆಕೆಂಡಲ್ಲಿ ಬಾಲ್ ಎಸೀಬೇಕು ಅನ್ನೋ ಗಡಿಯಾರ) ಬಂದ್ಮೇಲೆ ಮ್ಯಾಚ್‌ಗಳು ಸುಮಾರು ಎರಡು ಮುಕ್ಕಾಲು ಗಂಟೆಗೆಲ್ಲ ಮುಗೀತಾವೆ. ಮಳೆ ಬಂದು ಮ್ಯಾಚ್ ನಿಂತ್ರೆ ಅದೇ ಟಿಕೆಟ್ ಬೇರೆ ದಿನಕ್ಕೆ ನಡೆಯುತ್ತೆ, ಆದ್ರೆ ನೀವು ಅಷ್ಟೊತ್ತಿಗೆ ಮುಂದಿನ ಊರಲ್ಲಿರ್ತೀರಿ, ಅದಕ್ಕೇ ದೂರದ ಪಿಟ್ಸ್‌ಬರ್ಗ್‌ಗೆ ಎರಡು ರಾತ್ರಿ ಇಟ್ಕೊಳ್ಳಿ.

ಬಾಲ್ಟಿಮೋರ್‌ನಲ್ಲಿ ಒಂದು ಗಂಟೆ ಮುಂಚೆ ಹೋಗಿ. ಹಳೇ ರೈಲ್ವೆ ಗೋಡೌನು, ಸಾವಿರ ಅಡಿಗೂ ಉದ್ದದ ಇಟ್ಟಿಗೆ ಕಟ್ಟಡ, ಅದನ್ನ ಕೆಡವದೆ ಪಕ್ಕದಲ್ಲೇ 1992ರಲ್ಲಿ ಸ್ಟೇಡಿಯಂ ಮಾಡಿದಾರೆ. ಎರಡರ ಮಧ್ಯದ ಬೀದಿಯಲ್ಲಿ ಹೋಂ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಬಂದು ಬಿದ್ದ ಜಾಗಕ್ಕೆಲ್ಲ ನೆಲದಲ್ಲಿ ಹಿತ್ತಾಳೆ ಗುರ್ತು ಕೂರಿಸಿದಾರೆ, ನಮ್ಮ ಮಕ್ಕಳು ಬಗ್ಗಿ ಬಗ್ಗಿ ಎಲ್ಲಾ ಓದಿದ್ರು. ಬೇಸ್‌ಬಾಲ್‌ನ ಹಳೇ ದೊಡ್ಡ ಆಟಗಾರ ಬೇಬ್ ರೂತ್ ಹುಟ್ಟಿದ ಮನೇನೂ ಅಲ್ಲೇ ಹತ್ರ, ನಡ್ಕೊಂಡೇ ಹೋಗಬಹುದು.

ಹಾಸನ_ಟು_ಎಡಿಸನ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರೀತೀರಿ ಅಂದ್ಕೊಂಡಿರಲಿಲ್ಲ. 7 ಇದ್ದಿದ್ದು 3 ಮಾಡ್ದೆ, ಫಿಲಡೆಲ್ಫಿಯಾ ಮೊದ್ಲೇ ಟ್ರಯಲ್. ಒಂದೇ ಉಳಿದಿರೋದು. ಅಪ್ಪ ಟೀವೀಲಿ ಹತ್ತು ನಿಮಿಷ ನೋಡಿ "ಬರೀ ಫುಲ್ ಟಾಸ್ ಹೊಡೀತಾರಲ್ಲೋ" ಅಂತ ಎದ್ದು ಹೋಗ್ತಾರೆ. ಅವರಿಗೆ ಹೇಗೆ ಹೇಳ್ಕೊಡೋದು?

ಸ್ಕೋರ್‌ಶೀಟ್_ಮೇಷ್ಟ್ರು:

ಇಷ್ಟು ದಿನ ಬರೀ ಓದ್ತಿದ್ದೆ, ನಿಮ್ಮಪ್ಪ ಸ್ಕೋರರ್ ಅಂತ ನೋಡಿ ಬರೀಲೇಬೇಕು ಅನ್ನಿಸ್ತು. ಆಟ ವಿವರಿಸೋಕೆ ಹೋಗಬೇಡಿ. ಅವರ ಕೈಗೆ ಒಂದು ಬೇಸ್‌ಬಾಲ್ ಸ್ಕೋರ್ ಬುಕ್ಕು, ಒಂದು ಪೆನ್ಸಿಲ್ ಕೊಡಿ, ಮೊಮ್ಮಗನ್ನ ಪಕ್ಕದಲ್ಲಿ ಕೂರಿಸಿ.

ಈ ಆಟದ ಬಾಕ್ಸ್ ಸ್ಕೋರ್ (ಮ್ಯಾಚಿನ ಅಂಕಿಅಂಶದ ಪಟ್ಟಿ) ರೂಪಿಸಿದ ಹೆನ್ರಿ ಚಾಡ್ವಿಕ್ ಇಂಗ್ಲೆಂಡ್‌ನಲ್ಲಿ ಹುಟ್ಟಿದವನು, ಮೊದ್ಲು ಕ್ರಿಕೆಟ್ ವರದಿಗಾರ. ಅಂದ್ರೆ ಕ್ರಿಕೆಟ್ ಸ್ಕೋರ್ ಬರೆಯೋ ಕಣ್ಣಿಂದಲೇ ಇದೂ ಹುಟ್ಟಿದ್ದು. ಕೂಪರ್ಸ್‌ಟೌನ್‌ನಲ್ಲಿ ಅವನ ಫಲಕ ಇದೆ, ನಿಮ್ಮಪ್ಪನಿಗೆ ಅದನ್ನ ಹುಡುಕಿ ತೋರಿಸಿ.

ಬರೆಯೋದು ಹೀಗೆ. ಫೀಲ್ಡಿಂಗ್ ಮಾಡೋ ಒಂಬತ್ತು ಜನಕ್ಕೂ ಒಂದೊಂದು ನಂಬರು. ಪಿಚರ್ 1, ಕ್ಯಾಚರ್ 2, ಫಸ್ಟ್ ಬೇಸ್ 3, ಸೆಕೆಂಡ್ ಬೇಸ್ 4, ಥರ್ಡ್ ಬೇಸ್ 5, ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್ ಮಧ್ಯೆ ನಿಲ್ಲೋನು) 6, ಹೊರಗಿನ ಮೂವರು ಎಡದಿಂದ 7, 8, 9. ಜೆರ್ಸಿ ನಂಬರಿಗೂ ಇದಕ್ಕೂ ಸಂಬಂಧ ಇಲ್ಲ. ಶಾರ್ಟ್‌ಸ್ಟಾಪ್ ಬಾಲ್ ಹಿಡಿದು ಸೆಕೆಂಡ್‌ಗೆ ಎಸೆದು, ಅವನು ಅಲ್ಲಿ ಒಬ್ಬನ್ನ ಔಟ್ ಮಾಡಿ, ಅಲ್ಲಿಂದ ಫಸ್ಟ್‌ಗೆ ಎಸೆದು ಇನ್ನೊಬ್ಬನ್ನೂ ಔಟ್ ಮಾಡಿದ್ರೆ 6-4-3 ಅಂತ ಬರೀತಾರೆ. ಸ್ಟ್ರೈಕ್‌ಔಟ್‌ಗೆ (ಮೂರು ಸ್ಟ್ರೈಕ್ ಆಗಿ, ಅಂದ್ರೆ ಬಾಲ್ ಹೊಡೆಯೋಕಾಗದೆ ಔಟ್) ಇಂಗ್ಲಿಷ್‌ನ ಕೆ (K) ಅಕ್ಷರ, ಬ್ಯಾಟ್ ಬೀಸದೆ ನಿಂತು ನೋಡಿ ಔಟ್ ಆದ್ರೆ ಅದೇ ಕೆ ತಲೆಕೆಳಗಲ್ಲ, ಹಿಂದು ಮುಂದಾಗಿ. ಇಪ್ಪತ್ತು ವರ್ಷ ಡಾಟ್ ಬಾಲ್‌ಗೆ ಚುಕ್ಕಿ ಇಟ್ಟವರು ಇದನ್ನ ಮೂರು ಇನಿಂಗ್ಸಲ್ಲಿ ಹಿಡೀತಾರೆ. ನಿಮ್ಮ ಮಗ ಆಡೋದು 4, ಅಜ್ಜನ ಪುಸ್ತಕದಲ್ಲಿ ಅವನ ನಂಬರು ಎಷ್ಟು ಸಲ ಬರುತ್ತೆ ಅಂತ ಅವನೇ ಎಣಿಸ್ತಾನೆ.

ಫಿಲಡೆಲ್ಫಿಯಾಗೆ ಹೋಗೋವಾಗ ಅಪ್ಪನಿಗೆ ಬಾರ್ಟ್ ಕಿಂಗ್ ಬಗ್ಗೆ ಹೇಳಿ. ಅದೇ ಊರಿನ ಹುಡುಗ, ಮೊದ್ಲು ಬೇಸ್‌ಬಾಲ್ ಪಿಚರ್, ಆ ಕೈಚಳಕವನ್ನೇ ಕ್ರಿಕೆಟ್ ಬೌಲಿಂಗ್‌ಗೆ ತಂದು ಸ್ವಿಂಗ್ ಮಾಡಿದವನು. 1908ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಹೋಗಿ ಅಲ್ಲಿನ ಬೌಲಿಂಗ್ ಸರಾಸರಿಯಲ್ಲಿ ಎಲ್ಲರಿಗಿಂತ ಮೇಲೆ ಬಂದ, 87 ವಿಕೆಟ್, 11.01 ಸರಾಸರಿ. ಊರ ಹೊರಗೆ ಹ್ಯಾವರ್‌ಫರ್ಡ್ ಕಾಲೇಜಲ್ಲಿ ಕ್ರಿಕೆಟ್‌ಗೇ ಅಂತ ಒಂದು ಲೈಬ್ರರಿ ಇದೆ, ಮೊದ್ಲೇ ಕೇಳಿಕೊಂಡು ಹೋಗಿ.

ಹಾಸನ_ಟು_ಎಡಿಸನ್:

ಅಪ್‌ಡೇಟ್. ಬುಧವಾರ ಫಿಲಡೆಲ್ಫಿಯಾ ಮುಗಿಸಿ ಬಂದ್ವಿ. ಮೊದಲ ಇನಿಂಗ್ಸ್ ಅಪ್ಪ ಪೆನ್ಸಿಲ್ ಕಿವಿ ಮೇಲೆ ಸಿಕ್ಕಿಸ್ಕೊಂಡು ಸುಮ್ನೆ ನೋಡಿದ್ರು. ಎರಡನೇದ್ರಲ್ಲಿ ಮಗನ್ನ "ಇದು ಏನೋ ಪುಟ್ಟ, 5-3 ಅಂದ್ರೆ ಆಯ್ತಾ" ಅಂತ ಕೇಳೋಕೆ ಶುರು ಮಾಡಿದ್ರು. ನಾಲ್ಕನೇ ಇನಿಂಗ್ಸಲ್ಲಿ ಡಬಲ್ ಪ್ಲೇ (ಒಂದೇ ಬಾಲಿಗೆ ಇಬ್ರು ಔಟ್) ಆಯ್ತು, ಸ್ಟೇಡಿಯಂ ಎಲ್ಲಾ ಎದ್ದು ಕೂಗ್ತಿದೆ, ಇವರಿಬ್ರು ಮಾತ್ರ ತಲೆಗೆ ತಲೆ ಕೊಟ್ಟು ಪುಸ್ತಕ ನೋಡ್ತಿದಾರೆ, ಮಗ "ತಾತ, 6-4-3, ನಾಲ್ಕು ನಾನು" ಅಂತ ಕನ್ನಡದಲ್ಲಿ ಹೇಳಿದ. ಅಪ್ಪ ಅಲ್ಲೇ 4ರ ಸುತ್ತ ಒಂದು ಸಣ್ಣ ಸೊನ್ನೆ ಸುತ್ತಿದ್ರು. ಬರ್ತಾ ಟರ್ನ್‌ಪೈಕ್ ಹೈವೇನಲ್ಲಿ ಅವರು ಮಲಗ್ತಾರೆ ಅಂದ್ಕೊಂಡೆ, ಮನೆ ಬರೋ ತನಕ ಇಬ್ರೂ ಲೆಕ್ಕ ಟ್ಯಾಲಿ ಮಾಡ್ತಾನೇ ಇದ್ರು.

ಪಿಟ್ಸ್‌ಬರ್ಗ್‌ಗೆ ಶನಿವಾರ, ಭಾನುವಾರ ಎರಡು ದಿನಕ್ಕೂ ಟಿಕೆಟ್ ತಗೊಂಡಾಯ್ತು, ಥರ್ಡ್ ಬೇಸ್ ಕಡೆ, ಮೆಟ್ಲು ಕಮ್ಮಿ ಇರೋ ಸಾಲು. ಅಪ್ಪ ನಿನ್ನೆ ಅಂಗಡಿಗೆ ಹೋಗಿ ಅವರೇ ಒಂದು ಡಬ್ಬಿ ಪೆನ್ಸಿಲ್ಲು, ಒಂದು ಮೆಂಡರು ತಂದಿಟ್ಟಿದಾರೆ. ಹುಬ್ಬಳ್ಳಿಯವ್ರೇ, ಭಾನುವಾರ ಮಧ್ಯಾಹ್ನದ ಮ್ಯಾಚು, ಬೆಳಗ್ಗೆ ಗುಡಿಗೆ ಹೋಗಿ ಪುಳಿಯೋಗರೆ ಕಟ್ಟಿಸ್ಕೊಂಡು ಬರೋಷ್ಟು ಟೈಮ್ ಸಿಗುತ್ತಾ, ಅಥವಾ ಶನಿವಾರವೇ ಹೋಗಿ ಬರೋದು ಒಳ್ಳೇದಾ?

ಹುಬ್ಬಳ್ಳಿ_ಪಿಟ್ಸ್‌ಬರ್ಗ್:

ಶನಿವಾರ ಮುಂಜಾನೆ ಹೋಗ್ರಿ, ಅವಸರ ಬ್ಯಾಡ. ಹಿಂದಿನ ದಿನ ಸಂಜಿನ ಬಂದು ಇಳಕೋರಿ ಹಂಗಾರ. ಆ ಸ್ಕೋರ್ ಬುಕ್ ತರೂದು ಮರೀಬ್ಯಾಡ್ರಿ, ನಾನೂ ಒಮ್ಮೆ ನೋಡಬೇಕು.