ಪ್ಯೂರಿಫೈಯರ್ ಓಡ್ತಿದ್ರೂ ಬೆಳಗ್ಗೆ ತಲೆ ಭಾರ ಯಾಕೆ?

ಅಕ್ಕಾ, ರಾತ್ರಿಯಿಡೀ ಏರ್ ಪ್ಯೂರಿಫೈಯರ್ ಹಾಕಿದ್ರೂ ಬೆಳಗ್ಗೆ ಮೂರೂ ಜನಕ್ಕೆ ತಲೆ ಭಾರ, ಮೆಷಿನ್ ಕೆಟ್ಟಿದೆಯಾ ಅಂತ ಕೇಳಿದ್ದೆಯಲ್ಲ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳು.

ಮೊದಲು ಗ್ಯಾಸ್ ಗೀಸರ್ ನೋಡು. ಮನೆಯೊಳಗೆ ಇದ್ರೆ ಅದರ ಹೊಗೆ ಕೊಳವೆ ಹೊರಗೆ ಹೋಗಿರಲೇಬೇಕು. ಉರಿ ಹಳದಿಯಾಗಿ ಸುತ್ತ ಮಸಿ ಕಟ್ಟಿದೆ ಅಂದ್ರೆ ಗ್ಯಾಸ್ ಪೂರ್ತಿ ಉರೀತಿಲ್ಲ, ಕಾರ್ಬನ್ ಮೊನಾಕ್ಸೈಡ್ ಬರ್ತಿರುತ್ತೆ. ಉರಿ ನೀಲಿ ಇದೆ ಅಂತ ಧೈರ್ಯ ತಗೋಬೇಡ. ಈ ವಿಷಾನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದಲ್ಲಿ ಆಮ್ಲಜನಕ ಹೊರೋ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಕರಿಕೆ, ಹೊರಗೆ ಹೋದ್ರೆ ಕಡಿಮೆ, ಒಳಗೆ ಬಂದ್ರೆ ಮತ್ತೆ ಶುರು ಅಂತಿದ್ರೆ ಒಂದು ನಿಮಿಷ ಕಾಯಬೇಡ. ಎಲ್ಲರೂ ಹೊರಗೆ ಬನ್ನಿ, ಡಾಕ್ಟರ್ ಹತ್ರ ಹೋಗಿ. ರಿಪೇರಿ ಆಗೋವರೆಗೆ ಗೀಸರ್ ಹಚ್ಚಲೇಬೇಡಿ.

ಅದು ಇಲ್ಲ ಅಂದ್ರೆ, ಬಹುಶಃ ಮುಚ್ಚಿದ ರೂಮಿನದೇ ತೊಂದರೆ. ಪ್ಯೂರಿಫೈಯರ್ ಹಿಡಿಯೋದು ಧೂಳು, ಹೊಗೆಯ ಕಣ, ಪರಾಗ. ನಾವು ಬಿಡೋ ಕಾರ್ಬನ್ ಡೈಆಕ್ಸೈಡ್ ಅದರೊಳಗಿನ ಹೆಪಾ ಫಿಲ್ಟರ್ (ಸಣ್ಣ ಕಣ ಹಿಡಿಯೋ ಎಳೆಗಳ ಜಾಲರಿ) ದಾಟಿಕೊಂಡು ಆರಾಮಾಗಿ ಹೋಗುತ್ತೆ. ಹೊರಗಡೆ ಅದು ಸುಮಾರು 420 ಪಿಪಿಎಂ, ಅಂದ್ರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420 ಭಾಗ. ಎಲ್ಲಾ ಮುಚ್ಚಿ ಮೂರು ಜನ ಮಲಗಿದ ಚಿಕ್ಕ ರೂಮಲ್ಲಿ ಬೆಳಗಾಗೋದರೊಳಗೆ 2000 ದಾಟೋದು ಏನೂ ದೊಡ್ಡದಲ್ಲ, ತಲೆ ಭಾರ ಅದಕ್ಕೇ ಇರಬಹುದು. ಎಸಿ ಇದೆಯಲ್ಲ ಅನ್ನಬೇಡ, ಸಾಮಾನ್ಯವಾಗಿ ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಒಳಗೇ ಬಿಡುತ್ತೆ. ಮಲಗೋ ಮುಂಚೆ ಎದುರುಬದುರು ಕಿಟಕಿ 10 ನಿಮಿಷ ತೆಗಿ, ಆಮೇಲೆ ಬಾಗಿಲು ಸ್ವಲ್ಪ ಸಂದು ಬಿಟ್ಟು ಮಲಗಿ. ಕಾರ್ಬನ್ ಡೈಆಕ್ಸೈಡ್ ಮೀಟರ್ ತಗೊಳ್ಳೋದಾದ್ರೆ ಎನ್‌ಡಿಐಆರ್ ಸೆನ್ಸರ್ (ಇನ್ಫ್ರಾರೆಡ್ ಬೆಳಕಿಂದ ಆ ಅನಿಲವನ್ನೇ ಅಳೆಯೋದು) ಇರೋದೇ ತಗೋ. ಅಗ್ಗದ ಎಷ್ಟೋ ಮೀಟರ್‌ಗಳು ಬೇರೆ ಅನಿಲ ಅಳೆದು ಅಂದಾಜಿನ ನಂಬರ್ ತೋರಿಸ್ತವೆ, ಸೆಂಟ್ ಹೊಡೆದ್ರೂ ಏರುತ್ತೆ!

ಪ್ಯೂರಿಫೈಯರ್ ಬೇಡ ಅಂತಲ್ಲ. 120 ಚದರಡಿ ರೂಮು, 10 ಅಡಿ ಎತ್ತರ ಅಂದ್ರೆ ಗಂಟೆಗೆ ಐದು ಸಲ ಗಾಳಿ ಶುದ್ಧ ಆಗೋಕೆ ಸಿಎಡಿಆರ್ (ಮೆಷಿನ್ ಕೊಡೋ ಶುದ್ಧ ಗಾಳಿಯ ಪ್ರಮಾಣ) ಗಂಟೆಗೆ 170 ಘನ ಮೀಟರ್ ಇರಬೇಕು. ಈ ನಂಬರ್ ಫುಲ್ ಸ್ಪೀಡಿನದು, ಸ್ಲೀಪ್ ಮೋಡಲ್ಲಿ ಅಷ್ಟು ಸಿಗಲ್ಲ. ಅಯಾನ್ ಬಟನ್ ಆಫ್ ಮಾಡು, ಕೆಲವು ಮೆಷಿನ್‌ಗಳಲ್ಲಿ ಓಜೋನ್ ಬಂದು ಗಂಟಲು ಕೆರೆಯುತ್ತೆ. ಹೊರಗಿನ ಜಾಲರಿಯ ಧೂಳು ಎರಡು ವಾರಕ್ಕೊಮ್ಮೆ ತೆಗಿ, ಒಳಗಿನ ಹೆಪಾಗೆ ಮಾತ್ರ ನೀರು ತಾಗಿಸಬೇಡ, ಎಳೆ ಹಾಳಾಗುತ್ತೆ. ಹಾಂ, ಮುಚ್ಚಳ ಬಿಚ್ಚಿ ಫಿಲ್ಟರ್ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆದಿದ್ದೀರಾ ನೋಡು. ಎಷ್ಟೋ ಮನೇಲಿ ಅದರ ಸಮೇತ ಓಡ್ತಿರುತ್ತೆ.