ಬಣ್ಣದ ಅಕ್ರಿಲಿಕ್ ಶಿಲ್ಪ: ಅಂಚಿನ ಬಿರುಕು, ವಾಸಾ ಮಿಹಿಚ್ ಅವರ ವೃತ್ತಿಜೀವನ

ಬಸವನಗುಡಿಯ ಕಲಾ ವಿದ್ಯಾರ್ಥಿ:
ಬಣ್ಣದ ಅಕ್ರಿಲಿಕ್ ತುಂಡುಗಳನ್ನು ಪದರಪದರವಾಗಿ ಕೂಡಿಸಿ ಅಮೂರ್ತ ಶಿಲ್ಪ ಮಾಡುತ್ತಿದ್ದೇನೆ. ನೇಮ್ ಬೋರ್ಡ್ ಅಂಗಡಿಯಲ್ಲಿ ಲೇಸರ್‌ನಿಂದ ಕತ್ತರಿಸಿಕೊಂಡು ತಂದು ಕ್ಲೋರೋಫಾರ್ಮ್ ಹಾಕಿ ಅಂಟಿಸಿದರೆ, ಕೆಲವು ದಿನಗಳಲ್ಲೇ ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಯುಗೊಸ್ಲಾವಿಯಾದಲ್ಲಿ 1933ರಲ್ಲಿ ಹುಟ್ಟಿ, 1960ರಲ್ಲಿ ಅಮೆರಿಕಕ್ಕೆ ವಲಸೆ ಹೋದ ವಾಸಾ ಮಿಹಿಚ್ ಅವರ ಶಿಲ್ಪಗಳು ಅಷ್ಟು ಸ್ವಚ್ಛವಾಗಿರುವುದು ಹೇಗೆ? ಇಂಥ ದುಬಾರಿ ಮಾಧ್ಯಮವನ್ನು ನೆಚ್ಚಿಕೊಂಡು ಅವರು ಪರದೇಶದಲ್ಲಿ ನೆಲೆ ನಿಂತದ್ದಾದರೂ ಹೇಗೆ?

ಪೀಣ್ಯದಲ್ಲಿ ಅಕ್ರಿಲಿಕ್ ಕೆಲಸ ಮಾಡುವವರು:
ದೋಷ ಅಂಟಿನದಲ್ಲ, ಅಂಚಿನದು. ಲೇಸರ್ ಹಾಯ್ದ ಅಂಚು ಕರಗಿ ಬೇಗನೆ ತಣಿಯುವುದರಿಂದ ಅಲ್ಲಿ ಒಳಬಿಗಿತ ಉಳಿದುಬಿಡುತ್ತದೆ. ಕ್ಲೋರೋಫಾರ್ಮಿನಂಥ ದ್ರಾವಕ ತಗಲಿದೊಡನೆ ಅದು ಬಿರುಕಾಗಿ ಹೊರಬರುತ್ತದೆ. ತುಂಡುಗಳನ್ನು ಸುಮಾರು 80 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವು ಗಂಟೆ ಇರಿಸಿ, ಒವನ್ ಬಾಗಿಲು ತೆರೆಯದೆ ನಿಧಾನವಾಗಿ ತಣಿಯಲು ಬಿಟ್ಟು, ಆಮೇಲೆ ಅಂಟಿಸಿ. 100 ಡಿಗ್ರಿ ದಾಟಿದರೆ ಹಾಳೆ ಮೆತ್ತಗಾಗಿ ಆಕಾರ ಕೆಡುತ್ತದೆ. ಕೊಳ್ಳುವಾಗ ಎಕ್ಸ್‌ಟ್ರೂಡೆಡ್ (ಯಂತ್ರದಿಂದ ಒತ್ತಿ ತೆಗೆದ ಹಾಳೆ) ಬೇಡ, ಕಾಸ್ಟ್ (ಎರಕ ಹೊಯ್ದ) ಶೀಟನ್ನೇ ಕೇಳಿ. ಕ್ಲೋರೋಫಾರ್ಮನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ದಯವಿಟ್ಟು ಬಳಸಬೇಡಿ. ನಮ್ಮ ಕಸುಬಿನವರೇ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ.

ಕಲಾ ಇತಿಹಾಸದ ಅಧ್ಯಾಪಕಿ, ಮಲ್ಲೇಶ್ವರ:
ಮಿಹಿಚ್ ಚಿತ್ರಕಾರರಾಗಿ ಆರಂಭಿಸಿದವರು ಎಂಬುದನ್ನು ಮರೆಯಬಾರದು. ಅವರ ಸ್ತಂಭಾಕಾರದ ಅಕ್ರಿಲಿಕ್ ಶಿಲ್ಪಗಳಲ್ಲಿ ಬಣ್ಣ ಮೇಲ್ಮೈಯ ಲೇಪನವಲ್ಲ. ತಿಳಿಯಾದ ಅಕ್ರಿಲಿಕ್ಕಿನ ನಡುವೆ ಸೇರಿಸಿದ ತೆಳುವಾದ ಬಣ್ಣದ ಪದರಗಳು ಒಳಮುಖಗಳಲ್ಲಿ ಪ್ರತಿಫಲಿಸಿ, ನೋಡುವವರು ಒಂದು ಹೆಜ್ಜೆ ಸರಿದರೆ ಹಳದಿಯಿದ್ದೆಡೆ ಹಸಿರು ಕಾಣುತ್ತದೆ. ಜೀವನೋಪಾಯದ ಮಾತಿಗೆ ಬಂದರೆ, ಅವರು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಪಾಠ ಹೇಳಿದರು. ತಿಂಗಳ ಸಂಬಳವಿದ್ದ ಕಲಾವಿದನಿಗೆ ಮಾರುಕಟ್ಟೆಯ ಮರ್ಜಿ ಕಾಯದೆ ಒಂದೇ ಮಾಧ್ಯಮದಲ್ಲಿ ದಶಕಗಳ ಕಾಲ ತೊಡಗಿರುವುದು ಸಾಧ್ಯವಾಯಿತು ಎಂದು ನನ್ನ ಭಾವನೆ. ಅವರಿಗಿಂತ ಮೊದಲು ಹಂಗೇರಿಯ ಕಲಾವಿದ ಮೊಹೊಲಿ-ನಾಜ್ ಕೂಡ 1937ರಲ್ಲಿ ಶಿಕಾಗೋಗೆ ಬಂದು ಶಾಲೆ ನಡೆಸುತ್ತಲೇ ಪ್ಲೆಕ್ಸಿಗ್ಲಾಸ್ ಎಂಬ ಅಕ್ರಿಲಿಕ್ ಹಾಳೆಯನ್ನು ಬಗ್ಗಿಸಿ ಶಿಲ್ಪ ಮಾಡಿದ್ದರು.

ಜಯನಗರದ ಓದುಗ:
ಅಧ್ಯಾಪಕಿಯವರ ಮಾತಿಗೆ ಒಂದು ಸೇರ್ಪಡೆ. ರಷ್ಯಾದಿಂದ ಹೊರಟು ಹಲವು ದೇಶಗಳಲ್ಲಿ ನೆಲೆಸಿದ ಶಿಲ್ಪಿ ನೌಮ್ ಗಾಬೋ ಅವರ ಆರಂಭದ ಸೆಲ್ಯುಲೋಸ್ ಪ್ಲಾಸ್ಟಿಕ್ ಕೃತಿಗಳಲ್ಲಿ ಕೆಲವು ಸೊಟ್ಟಗಾಗಿ ಹಾಳಾಗಿವೆ. ಅಕ್ರಿಲಿಕ್ ಅದಕ್ಕಿಂತ ಎಷ್ಟೋ ಬಾಳಿಕೆಯದು. ಆದರೂ ಗೀರು ಬೀಳುವುದು ಬಹಳ ಸುಲಭ. ಆದ್ದರಿಂದ ಶಿಲ್ಪವನ್ನು ಒಣಬಟ್ಟೆಯಿಂದ ಉಜ್ಜದೆ, ನೀರು ಹಾಗೂ ಸೌಮ್ಯ ಸೋಪಿನಿಂದಲೇ ಒರೆಸಿ. ಸ್ಪಿರಿಟ್ ಮಾತ್ರ ಸೋಕಿಸಬೇಡಿ.