ಅವ್ವಾ, ಅಪ್ಪನನ್ನು ಒಂಟಿ ಬಿಡಬೇಡಿ

ಅವ್ವಾ, ತಮ್ಮನ ಮಗಳೇ, ಮನೆಯವರ ಗ್ರೂಪಲ್ಲಿ ನೀನು ಹಾಕಿದ ಮೆಸೇಜು ಈಗ ನೋಡಿದೆ. ನನಗೆ ಟೈಪ್ ಮಾಡೋಕೆ ಆಗಲ್ಲ, ಬಾಯಲ್ಲಿ ಹೇಳುತ್ತಿದ್ದೇನೆ, ಮೊಮ್ಮಗ ಅದನ್ನೇ ಅಕ್ಷರ ಮಾಡಿ ಹಾಕುತ್ತಾನೆ. ನಿನ್ನೆ ಮಧ್ಯಾಹ್ನದಿಂದ ಅಪ್ಪ ಕುಡಿದಿಲ್ಲ, ಕೈ ನಡುಗುತ್ತಿದೆ, ಬೆವರುತ್ತಿದ್ದಾರೆ, ರಾತ್ರಿ ಕಣ್ಣು ಮುಚ್ಚಿಲ್ಲ, 62ನೇ ವಯಸ್ಸಲ್ಲಿ ಕುಡಿತ ಬಿಡೋದು ಸರೀನಾ ದೊಡ್ಡಪ್ಪ ಅಂತ ಕೇಳಿದ್ದೀಯ. ಸರಿನೇ. ನಾನು ಬಿಟ್ಟಾಗ ನನಗೆ 57. ಈಗ 74, ನಿನ್ನ ದೊಡ್ಡವ್ವನಿಗೆ ಸೂಜಿಗೆ ದಾರ ಪೋಣಿಸಿ ಕೊಡೋದು ನಾನೇ. ಆದರೆ ಬಿಟ್ಟ ಮೊದಲ ಮೂರ್ನಾಲ್ಕು ದಿನ ಇದೆಯಲ್ಲ, ಅದು ಹುಡುಗಾಟ ಅಲ್ಲ. ಅವರನ್ನು ಒಂಟಿ ಬಿಡಬೇಡಿ. ಬಚ್ಚಲಿಗೆ ಹೋದರೂ ಒಳಗಿಂದ ಚಿಲಕ ಹಾಕಲು ಬಿಡಬೇಡಿ.

ನನ್ನದು ನಿಮಗೆಲ್ಲ ಗೊತ್ತಿರುವುದೇ. ಕಾರಟಗಿ ರೈಸ್ ಮಿಲ್ಲಲ್ಲಿ ಗುಮಾಸ್ತನಾಗಿದ್ದೆ. ಮೊದಲು ಪ್ಯಾಕೆಟ್ ಸಾರಾಯಿ. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ಬಂದ್ ಮಾಡಿತಲ್ಲ, ಆಗ ನಿನ್ನ ದೊಡ್ಡವ್ವ ದೇವರಿಗೆ ಕಾಯಿ ಒಡೆಸಿದಳು. ನಾನು ಮಾರನೇ ದಿನವೇ ವಿಸ್ಕಿ ಹಿಡಿದೆ. ದಿನಕ್ಕೆ ಎರಡು ಕ್ವಾರ್ಟರು, ಸುಗ್ಗಿ ಬಂದರೆ ಮೂರು. ಮರು ವರ್ಷ ಒಂದು ಹುಣ್ಣಿಮೆಗೆ ಹುಲಿಗಿಗೆ ಹೋಗಿ, ಹುಲಿಗೆಮ್ಮನ ಮುಂದೆ ಆಣೆ ಮಾಡಿ, ಒಂದೇ ಸಲಕ್ಕೆ ನಿಲ್ಲಿಸಿಬಿಟ್ಟೆ. ದೊಡ್ಡ ಗಂಡಸು ನಾನು! ಮನೆಯವರಿಗೆಲ್ಲ ಖುಷಿ, ನಡುಗಿದರೆ ನಡುಗಲಿ, ವಿಷ ಇಳೀತಾ ಇದೆ ಅಂದರು.

ಮರುದಿನ ಬೆಳಿಗ್ಗೆ ಚಹಾ ಕುಡಿಯೋಕೆ ಆಗಲಿಲ್ಲ. ಬಸಿಯ ಮೇಲೆ ಕಪ್ಪು ಟಕಟಕ ಅನ್ನುತ್ತಿತ್ತು, ಅರ್ಧ ಚಹಾ ಪಂಚೆ ಮೇಲೆ. ಸಂಜೆ ಬಚ್ಚಲಲ್ಲಿ ಫಿಟ್ಸ್ ಬಂದು ಬಿದ್ದೆ. ಹುಬ್ಬಿನ ಮೇಲಿನ ಗಾಯ ನೀನು ಚಿಕ್ಕವಳಿದ್ದಾಗ ಮುಟ್ಟಿ ಮುಟ್ಟಿ ಕೇಳುತ್ತಿದ್ದೆಯಲ್ಲ, ಅದೇ ಅದು. ಹಂಡೆಯ ಅಂಚು ಬಡಿದದ್ದು. ಊರಲ್ಲಿ ಸೂಜಿ ಮಾಡುವವರೊಬ್ಬರು ಬಂದು, ಸುಸ್ತು ಅಷ್ಟೇ ಅಂತ ಸಲೈನ್ ಏರಿಸಿ ಹೋದರು. ಮೂರನೇ ರಾತ್ರಿ ನಾನು ಹಾಸಿಗೆಯಲ್ಲಿ ಕೂತು ಚೀಲ ಎಣಿಸುತ್ತಿದ್ದೆ. ನಿಜವಾಗಿ ಹೇಳುತ್ತೇನೆ, ಹಮಾಲರು ಸಾಲಾಗಿ ನಿಂತಿದ್ದು ನನಗೆ ಕಾಣುತ್ತಿತ್ತು. ಒಂದು ಚೀಲ ಕಡಿಮೆ ಬಿತ್ತು ಅಂತ ನಿನ್ನ ದೊಡ್ಡವ್ವನ ಕೈ ಹಿಡಿದು ತಿರುಚಿದೆ, ಎಲ್ಲಿ ಬಚ್ಚಿಟ್ಟೆ ಹೇಳು ಅಂತ. ಅವಳು ಇವತ್ತಿಗೂ ಆ ಮಾತು ತೆಗೆಯೋದಿಲ್ಲ. ಆಮೇಲೆ ಜೀಪಲ್ಲಿ ಹಾಕಿಕೊಂಡು ದೊಡ್ಡ ಆಸ್ಪತ್ರೆಗೆ ಒಯ್ದರು. ಅಲ್ಲಿನ ಡಾಕ್ಟರು ಬೈದದ್ದು ನನಗಲ್ಲ, ಮನೆಯವರಿಗೆ. ವರ್ಷಗಟ್ಟಲೆ ಕುಡಿತ ಮೆದುಳನ್ನು ಅದುಮಿಟ್ಟಿರುತ್ತದೆ, ಒಮ್ಮೆಗೇ ತೆಗೆದರೆ ಅದು ಎಗರಾಡುತ್ತದೆ, ಹೀಗೇ ಜೀವ ಹೋದವರೂ ಇದ್ದಾರೆ ಅಂದರು.

ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಒಂಟಿ ಬಿಡಬೇಡಿ. ನಡುಕ ತಾನೇ ಹೋಗುತ್ತದೆ ಅಂತ ನಿಮ್ಮವ್ವ ಅಂದರೆ ಕೇಳಬೇಡ.

ಬಿಟ್ಟ ಮೇಲೆ ಏನಾಯಿತು ಗೊತ್ತಾ? ಕುಡಿಯುವಾಗ ದಿನಾ ಬರುತ್ತಿದ್ದ ನೆಂಟರು ಒಬ್ಬರೂ ಬರಲಿಲ್ಲ. ಮದುವೆಯಲ್ಲಿ ಈಗಲೂ ನನ್ನ ಬಾಯಿ ವಾಸನೆ ನೋಡೋಕೆ ಪಕ್ಕ ಬಂದು ಕೂರುವವರಿದ್ದಾರೆ, ಹೆಸರು ಬೇಡ, ಈ ಗ್ರೂಪಲ್ಲೇ ಇದ್ದಾರೆ. ಮೊದಲು ಕುಡಿಯುತ್ತಿದ್ದಾಗ ಹೊಲ ಪಾಲಾದದ್ದೂ ಹಾಗೇ. ಸಂಜೆ ಏಳಕ್ಕೆ ಪಂಚರನ್ನು ಕೂರಿಸಿದರು, ಏಳಕ್ಕೆ ನಾನು ಹೇಗಿರುತ್ತಿದ್ದೆ ಅಂತ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಎದ್ದು ನೋಡಿದರೆ ಉಪಕಾಲುವೆಯ ತುದಿಯ ಹೊಲ ನನ್ನ ಪಾಲಿಗೆ. ಮೇಲಿನವರು ತೂಬು ಎತ್ತಿಕೊಂಡು ಎರಡು ಬೆಳೆ ಭತ್ತ ಬೆಳೆಯುತ್ತಾರೆ, ನನಗೆ ಜೋಳಕ್ಕೂ ನೀರು ಬರಲ್ಲ. ನಿಮ್ಮಪ್ಪ ಅಲ್ಲೇ ಕೂತಿದ್ದ. ಒಂದು ಮಾತು ಆಡಲಿಲ್ಲ. ಇರಲಿ ಬಿಡು, ಅವನೂ ಆಗ ಕುಡಿದೇ ಇದ್ದ.

ಏ ಟಿವಿ ಸಣ್ಣ ಮಾಡ್ರೋ. ಎಲ್ಲಿದ್ದೆ ನಾನು... ಹಾಂ ಅವ್ವಾ, ಮುಖ್ಯವಾದದ್ದೇ ಹೇಳಲಿಲ್ಲ ನೋಡು. ನಾಳೆ ಅನ್ನಬೇಡಿ, ಈಗಲೇ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಕರಕೊಂಡು ಹೋಗಿ. ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಕೊನೆಯದು ಯಾವಾಗ, ಇದನ್ನು ಸುಳ್ಳಿಲ್ಲದೆ ಹೇಳಿ, ಅರ್ಧ ಮಾಡಿ ಹೇಳಬೇಡಿ. ನಡುಕ ಇಳಿಸೋಕೆ ಅವರ ಹತ್ತಿರ ಮಾತ್ರೆ ಇದೆ, ಬಿ-1 ವಿಟಮಿನ್ ಸೂಜಿ ಇದೆ. ಬರೀ ಗ್ಲೂಕೋಸ್ ಏರಿಸಲು ಹೋದರೆ ಮೊದಲು ಆ ಬಿ-1 ಕೇಳಿ. ಒಂದು ನೈಂಟಿ ಕುಡಿಯೋಕೆ ಕೊಟ್ಟರೆ ನಡುಕ ನಿಲ್ಲುತ್ತಾ ಅಂತ ನಿಮ್ಮವ್ವ ಕೇಳಿದಳಂತೆ. ಅದನ್ನು ನೀವು ತೀರ್ಮಾನ ಮಾಡಬೇಡಿ, ಡಾಕ್ಟರು ಹೇಳಲಿ. ದಾರಿಯಲ್ಲಿ ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಚಪ್ಪಲಿ ಮೂಸಿಸಬೇಡಿ.

ಅಲ್ಲಿ ಮನೋವೈದ್ಯರಿಗೆ ತೋರಿಸಿ ಅಂದರೆ, ಹುಚ್ಚರ ಡಾಕ್ಟರ ಹತ್ತಿರ ಯಾಕೆ ಅಂತ ನಿಮ್ಮಪ್ಪ ರಂಪ ಮಾಡುತ್ತಾನೆ. ಮಾಡಲಿ. ಹಳ್ಳಿಯವರಿಗೂ ಈ ಚಿಕಿತ್ಸೆ ತಲುಪಿಸಬಹುದು ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದೇ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ, ನಮಗೇ ನಾಚಿಕೆ ಅಂದರೆ ಹೇಗೆ? ಮನೆಗೆ ಬಂದ ಮೇಲೆ ರಾತ್ರಿ ಆಸೆ ಹತ್ತಿ ಒದ್ದಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮತ್ತೆ ಗ್ರೂಪಲ್ಲಿ ಯಾರೋ, ಕುಡಿತ ಬಿಡಿಸೋಕೆ ಅಂತ ಗೊತ್ತಾಗದ ಹಾಗೆ ಸಾರಲ್ಲಿ ಕಲಸಿ ಕೊಡುವ ಪುಡಿಯ ಜಾಹೀರಾತು ಹಾಕಿದ್ದೀರಿ. ತೆಗೆಯಿರಿ ಅದನ್ನು. ಅಂಥದ್ದರಲ್ಲಿ ಯಾವ ಮಾತ್ರೆ ಅರೆದಿರುತ್ತಾರೋ, ಅದು ಹೊಟ್ಟೆಯಲ್ಲಿರುವಾಗ ಅವನು ಕುಡಿದುಬಿಟ್ಟರೆ ಬಿಪಿ ಇಳಿದು ಎದೆಗೇ ಬರಬಹುದು.

ಗಾಡಿ ಇಲ್ಲದಿದ್ದರೆ 108. ಫೋನ್ ಅಪ್ಪನ ಕೈಗೆ ಕೊಡು, ನಾನೇ ಹೇಳುತ್ತೇನೆ ಅವನಿಗೆ. ಬೇಡ ಬೇಡ, ನಾನು ಹಿಡಿದರೆ ಮತ್ತೆ ಅರ್ಧ ಗಂಟೆ. ಮೊದಲು ಹೊರಡಿ.